ಮಲಾವಿಗೆ ಹೊರಟವಳ ಸಾಕ್ಷಿ

ಸೇಡಂ ರಸ್ತೆ, ಕಲಬುರಗಿ
12 ಜನವರಿ 2025

ನಾಗೂ,

ಎಷ್ಟು ಸಲ ಫೋನು ಮಾಡಿದರೂ ಎತ್ತುತ್ತಿಲ್ಲ ಎಂದು ನನ್ನನ್ನು ಬೈದುಕೊಂಡಿರುತ್ತೀ. ಇಲ್ಲಿ ತರಬೇತಿ ಮುಗಿಯುವವರೆಗೆ ನಮ್ಮ ಫೋನುಗಳನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದ್ದಾರೆ. ಭಾನುವಾರ ಸಂಜೆ ಸ್ವಲ್ಪ ಹೊತ್ತು ಕೊಡುತ್ತಾರೆ, ಅದು ನಮ್ಮವ್ವನ ಜೊತೆ ಮಾತಾಡುವುದಕ್ಕೇ ಸಾಲುವುದಿಲ್ಲ. ಅದಕ್ಕೇ ಈ ಕಾಗದ. ನಿಮ್ಮ ತೋಟದ ಕೆಂಪು ಬಾಳೆ ಒಯ್ಯುವ ಶಫಿಯಣ್ಣನ ಅಂಗಡಿ ಇಲ್ಲಿಯ ರೋಜಾ ಬಡಾವಣೆಯಲ್ಲಿದೆಯಲ್ಲ, ಅಲ್ಲಿ ಕೊಟ್ಟು ಬರುತ್ತೇನೆ. ಅಂಚೆಗಿಂತ ಅವನೇ ಬೇಗ ಮುಟ್ಟಿಸುತ್ತಾನೆ.

ನಾವು ಆರು ಜನ ಇದ್ದೇವೆ. ಹೋಗುವುದು ಮಲಾವಿ ಎಂಬ ದೇಶಕ್ಕೆ, ಹಳ್ಳಿಗಾಡಿನ ಒಂದು ಮಿಷನ್ ಆಸ್ಪತ್ರೆಗೆ, ಎರಡು ವರ್ಷದ ಮಟ್ಟಿಗೆ. ನನಗೆ ಹೆರಿಗೆ ವಾರ್ಡು. ಅಲ್ಲಿ ದಿನ ತುಂಬಿದ ಹೆಂಗಸರು ಎಷ್ಟೋ ದೂರದಿಂದ ನಡೆದುಕೊಂಡೇ ಬರುತ್ತಾರಂತೆ. ಸುನೀಲಕುಮಾರ ಸರ್ ನಮ್ಮ ತಂಡದ ಮುಖ್ಯಸ್ಥರು, ಆಫ್ರಿಕಾದಲ್ಲಿ ಬಹಳ ವರ್ಷ ಇದ್ದು ಬಂದವರು. ಅಲ್ಲಿಯ ಭಾಷೆ ಕಲಿಸುತ್ತಿದ್ದಾರೆ. ‘ಜಿಕೊಮೊ’ ಎಂದರೆ ವಂದನೆ. ಇವತ್ತಿಗೆ ನನಗೆ ಬರುವುದು ಅದೊಂದೇ ಮಾತು. ಮಲೇರಿಯಾ ಮಾತ್ರೆ, ಸೊಳ್ಳೆ ಪರದೆ, ಪಾಸ್‌ಪೋರ್ಟಿಗೆ ಪೊಲೀಸರ ವಿಚಾರಣೆ ಎಂದು ದಿನ ಹೋಗುವುದೇ ತಿಳಿಯುವುದಿಲ್ಲ.

ಚಿಕ್ಕವಳಿದ್ದಾಗಿನಿಂದ ನಾನು ಚರ್ಚಿನಲ್ಲಿ ಮೊಣಕಾಲೂರಿ ಬೇಡಿಕೊಂಡದ್ದು ಇದೊಂದನ್ನೇ. ಕರ್ತನೇ, ನನ್ನನ್ನು ಎಲ್ಲಿಗಾದರೂ ಕಳಿಸು ಎಂದು. ಹೊರಗೆ ಮೆಟ್ಟಿಲ ಮೇಲೆ ಕುಳಿತು ನನಗಾಗಿ ಕಾಯುತ್ತಿದ್ದವಳು ನೀನು. ನಿನಗೆ ಹೇಳಬೇಕೇ?

ಇಲ್ಲಿ ‘ಸಾಕ್ಷಿ’ ಹೇಳುವುದನ್ನೂ ಕಲಿಸುತ್ತಾರೆ. ಅದೇ ನನಗೆ ಕಷ್ಟವಾಗಿದೆ.

ಅವ್ವನನ್ನು ನೋಡಿಕೊಳ್ಳುತ್ತಿರು. ಮೊಣಕಾಲು ನೋವೆಂದರೂ ಆಕೆ ಗುಳಿಗೆ ತೆಗೆದುಕೊಳ್ಳುವುದಿಲ್ಲ.

ನಿನ್ನ,
ಪ್ರಿಯದರ್ಶಿನಿ


ಕಮಲಾಪುರ
24 ಜನವರಿ 2025

ಪ್ರಿಯಾ,

ಶಫಿಯಣ್ಣ ನಿನ್ನ ಕಾಗದವನ್ನು ಬಾಳೆಗೊನೆಯ ಲೆಕ್ಕದ ಚೀಟಿ ಎಂದುಕೊಂಡು ನನ್ನ ಗಂಡ ಸೂಗಪ್ಪನವರ ಕೈಗೆ ಕೊಟ್ಟಿದ್ದಾನೆ. ಇವರು ಒಡೆಯದೆ ತಂದು ಕೊಟ್ಟರು. ಹೆಂಡತಿಗೆ ಕಾಗದ ಬರುವ ಕಾಲ ಮತ್ತೆ ಬಂತೇ ಎಂದು ಸೂಗಪ್ಪ ಸಾಹುಕಾರರು ಎರಡು ದಿನ ನಗೆಯಾಡಿದರು.

ನಿಮ್ಮವ್ವ ಯಮನಮ್ಮ ಆರಾಮ ಇದ್ದಾರೆ. ದಿನಾ ಸಂಜೆ ಹೋಗಿ ಎದುರಿಗೆ ಕುಳಿತು ಗುಳಿಗೆ ನುಂಗಿಸಿ ಬರುತ್ತೇನೆ. ನಮ್ಮತ್ತೆ ನಿನಗೆ ರೊಟ್ಟಿಗೆ ಹಚ್ಚಿಕೊಳ್ಳಲೆಂದು ಶೇಂಗಾ ಹಿಂಡಿ, ಅಗಸಿ ಹಿಂಡಿ ಕುಟ್ಟಿದ್ದಾರೆ. ಎರಡು ವರ್ಷಕ್ಕೆ ಸಾಲುವಷ್ಟಿದೆ. ಮಲಾವಿಯಲ್ಲಿ ಕೂಸುಗಳಿಗೆ ಎಣ್ಣೆ ಹಚ್ಚಿ ನೀರು ಎರೆಯುವವರು ಯಾರು ಎಂದು ಕೇಳುತ್ತಿದ್ದರು. ಗೊತ್ತಿಲ್ಲ ಎಂದೆ. “ಹೋದ ಕೂಡ್ಲೆ ನೋಡಿ ಬರಿ ಅಂತ ಹೇಳು ಆಕಿಗಿ,” ಎಂದರು. ನಮ್ಮ ಓಣಿಯಲ್ಲಿ ಯಾರ ಮನೆಯಲ್ಲಿ ಕೂಸು ಹುಟ್ಟಿದರೂ ಎರೆಯಲು ಅವರನ್ನೇ ಕರೆಯುತ್ತಾರಲ್ಲ, ಲೋಕದಲ್ಲೆಲ್ಲ ಹಾಗೇ ಇರುತ್ತದೆ ಎಂದು ತಿಳಿದಿದ್ದಾರೆ.

ಸಾಕ್ಷಿ ಎಂದರೆ ಏನು? ನನಗೆ ಗೊತ್ತಿರುವುದು ಕೋರ್ಟಿನ ಸಾಕ್ಷಿ ಮಾತ್ರ.

ನೀನು ಹೋಗುವುದು ನನಗೆ ಸಂತೋಷವೇ. ಎಲ್ಲರಿಗೂ ಹಾಗೇ ಹೇಳುತ್ತಿದ್ದೇನೆ.

ನಾಗರತ್ನಾ


ಕಲಬುರಗಿ
9 ಫೆಬ್ರವರಿ 2025

ನಾಗೂ,

ದೇವರು ನಮ್ಮ ಬಾಳಿನಲ್ಲಿ ಮಾಡಿದ್ದನ್ನು ನಾಲ್ಕು ಜನರ ಮುಂದೆ ಎದ್ದು ನಿಂತು ಹೇಳುವುದು ಸಾಕ್ಷಿ. ನಮ್ಮನ್ನು ಕಳಿಸುವ ಹೊರದೇಶದ ಚರ್ಚ್ ಸಭೆಗಳಿಗೂ ಅದನ್ನು ವಿಡಿಯೊ ಮಾಡಿ ಕಳಿಸುತ್ತಾರೆ. ಅದನ್ನು ಕೇಳಿ ಅವರು ನಮಗಾಗಿ ಪ್ರಾರ್ಥಿಸುತ್ತಾರೆ, ಖರ್ಚು ವಹಿಸಿಕೊಳ್ಳುತ್ತಾರೆ. ನಮ್ಮ ತಂಡದ ದೇವಾನಂದ ಕುಡಿತ ಬಿಟ್ಟವನು. ಅವನ ಸಾಕ್ಷಿ ಕೇಳಿದರೆ ಕಲ್ಲೂ ಕರಗುತ್ತದೆ. ನನ್ನದು ಹೇಳಿದಾಗ ಒಬ್ಬರು ಆಕಳಿಸಿದರು. ಸುನೀಲಕುಮಾರ ಸರ್ ಆಮೇಲೆ ಕರೆದು ಮೆತ್ತಗೆ ಹೇಳಿದರು. “ನೀ ಹುಟ್ಟಿದಾಗಿಂದ ಚರ್ಚಿನ್ಯಾಗೇ ಕುಂತೀದಿ, ಪ್ರಿಯದರ್ಶಿನಿ. ಇದರಾಗ ಕತ್ತಲಿ ಎಲ್ಲೈತಿ, ಬೆಳಕು ಎಲ್ಲೈತಿ?”

ಬೀದರಿನ ಒಬ್ಬ ನರ್ಸ್ ನನ್ನ ಜಾಗಕ್ಕಾಗಿ ಕಾಯುತ್ತಿದ್ದಾಳೆ. ಅದನ್ನು ಅವರು ಹೇಳಲಿಲ್ಲ. ನನಗೆ ಬೇರೆಯವರಿಂದ ತಿಳಿಯಿತು.

ಮೊನ್ನೆ ಪ್ರಾರ್ಥನೆಯಲ್ಲಿ ಹಳೆಯದೇನೋ ನೆನಪಾಗಿ ಬಿಕ್ಕಿಬಿಕ್ಕಿ ಅತ್ತೆ. ಸರ್ ಪಕ್ಕದಲ್ಲಿ ಕುಳಿತು ಎಲ್ಲವನ್ನೂ ಕೇಳಿಸಿಕೊಂಡರು. ಇದೇ ನಿನ್ನ ಸಾಕ್ಷಿ, ಇನ್ನು ಬೇರೆ ಹುಡುಕಬೇಡ ಎಂದರು. ಏನೆಂದು ಬಂದಾಗ ಹೇಳುತ್ತೇನೆ.

ನಿಮ್ಮತ್ತೆ ಅಂಬಮ್ಮಾಯಿಯ ಒಂದು ಫೋಟೊ ಕಳಿಸುತ್ತೀಯಾ? ನನ್ನ ಹತ್ತಿರ ಇರಲಿ ಎಂದು.

ಪ್ರಿಯಾ


ಕಮಲಾಪುರ
20 ಫೆಬ್ರವರಿ 2025

ಪ್ರಿಯಾ,

ಫೋಟೊ ಇದರಲ್ಲಿಟ್ಟಿದ್ದೇನೆ. ನೀನು ಕೇಳಿದ್ದೀ ಎಂದಾಗ ಅತ್ತೆ ಇಳಕಲ್ ಸೀರೆ ಉಟ್ಟು, ವಿಭೂತಿ ಹಚ್ಚಿಕೊಂಡು, ತೋಟದಲ್ಲಿ ಗೊನೆ ಬಿಟ್ಟ ಬಾಳೆಯ ಪಕ್ಕ ನಿಂತರು. ನಗುವುದಿಲ್ಲ ಎಂದು ಹಟ. ನಕ್ಕರೆ ಮುಂದಿನ ಹಲ್ಲು ಇಲ್ಲದ್ದು ಆಫ್ರಿಕಾದವರಿಗೆಲ್ಲ ಕಾಣುತ್ತದಂತೆ. ಹೀಗಾಗಿ ಸಿಟ್ಟಾದಂತೆ ಕಾಣುತ್ತಾರೆ. ನೀನು ತಪ್ಪು ತಿಳಿಯುವುದಿಲ್ಲ, ಬಿಡು.

ನಿನ್ನ ಅಳುವಿನ ಮಾತು ಓದಿ ಸಂಕಟವಾಯಿತು. ಏನು ನೆನಪಾಯಿತು? ನನಗೆ ಬರೆಯಬಾರದಂಥದ್ದೇ?

ನಾಗೂ


ಕಲಬುರಗಿ
16 ಮಾರ್ಚ್ 2025

ನಾಗೂ,

ಅವಸರದಲ್ಲಿ ಬರೆಯುತ್ತಿದ್ದೇನೆ. ಹೋದ ವಾರ ನಮ್ಮ ಕಾರ್ಯಕ್ರಮ ಬಹಳ ಚೆನ್ನಾಗಿ ಆಯಿತು. ಹೊರದೇಶದ ಅತಿಥಿಗಳೂ ಬಂದಿದ್ದರು. ನನ್ನ ಹೆಸರು ಗಟ್ಟಿಯಾಯಿತು, ವೀಸಾ ಬಂತು. ಮೇ ತಿಂಗಳ ಮೊದಲ ವಾರ ಹೊರಡುವುದು. ಯುಗಾದಿಗೆ ಊರಿಗೆ ಬರಲಾಗುವುದಿಲ್ಲ, ಬೇಸರ ಮಾಡಿಕೊಳ್ಳಬೇಡ.

ಹಿಂಡಿ ಮುಟ್ಟಿತು. ಆಯಿಗೆ ಹೇಳು.

ಪ್ರಿಯಾ


ಕಮಲಾಪುರ
29 ಮಾರ್ಚ್ 2025

ಪ್ರಿಯದರ್ಶಿನಿಗೆ,

ನಿನ್ನ ಸಾಕ್ಷಿ ನೋಡಿದೆ. ಮೈದುನ ವಿವೇಕಾನಂದನ ಫೋನಿಗೆ ಯಾರೋ ಕಳಿಸಿದ್ದರು. ಅವನು ಅಂಗಳದಲ್ಲಿ ಎಲ್ಲರನ್ನೂ ಕೂಡಿಸಿ ತೋರಿಸಿದ. ನೀನು ಬಿಳಿ ಸೀರೆಯಲ್ಲಿ ನಿಂತಿದ್ದೆ. ಹಿಂದೆ ಗೋಡೆಯಷ್ಟು ದೊಡ್ಡದಾಗಿ ಅತ್ತೆಯ ಫೋಟೊ. ಅತ್ತೆ ಮೊದಲು ಅದನ್ನು ನೋಡಿ ಸಂಭ್ರಮಪಟ್ಟರು. “ನನ್ನ ಫೋಟೊ ಹಾಕ್ಯಾಳ ನೋಡ್ರಿ,” ಎಂದರು. ಆಮೇಲೆ ನೀನು ಮಾತಾಡಿದೆ.

ನಮ್ಮೂರಿನಲ್ಲಿ ಒಂದು ಮನೆ, ಆ ಮನೆಯಲ್ಲಿ ತಿಂಗಳು ತುಂಬದೆ ಒಂದು ಹೆಣ್ಣುಕೂಸು ಹುಟ್ಟಿತು ಎಂದೆ. ಅದಕ್ಕೆ ಉಸಿರು ಕಟ್ಟುತ್ತಿದ್ದರೂ ಅತ್ತೆಯಾದವಳು ಆಸ್ಪತ್ರೆಗೆ ಬಿಡಲಿಲ್ಲ, ಹೆಣ್ಣೇ ತಾನೇ ಎಂದಳು, ದಾರ ಕಟ್ಟಿ ಬೂದಿ ಹಚ್ಚಿ ಬಾಗಿಲು ಹಾಕಿಕೊಂಡಳು ಎಂದೆ. ನೀನು ಹೊರಗೆ ನಿಂತು ಬಾಗಿಲು ಬಡಿದೆಯಂತೆ. ಕೂಸಿನ ಅಳು ನಿಂತದ್ದು ಕೇಳಿಸಿತಂತೆ. ಅಂದೇ ನೀನು, ಕತ್ತಲಲ್ಲಿರುವ ಇಂಥ ಜನರಿಗಾಗಿ ಬಾಳು ಸವೆಸುತ್ತೇನೆ ಎಂದು ದೇವರಿಗೆ ಮಾತು ಕೊಟ್ಟೆಯಂತೆ. ಜನ ಕಣ್ಣೊರೆಸಿಕೊಂಡರು.

ಆ ದಿನ ನಾನು ಬಾಣಂತಿ, ಮಂಚ ಬಿಟ್ಟು ಏಳಲಾಗುತ್ತಿರಲಿಲ್ಲ. ಏನು ನಡೆಯಿತೆಂದು ನನಗೆ ಹೇಳಿದವಳು ನೀನೇ. ಮಳೆಗೆ ಹಳ್ಳ ಬಂದು ಯಾವ ಗಾಡಿಯೂ ಸಿಗಲಿಲ್ಲ, ಕೂಸಿಗೆ ಮೈ ಕಾವು ಬೇಕೆಂದು ನೀನು ಅಂದೆ, ಅತ್ತೆ ಕುಪ್ಪಸ ಬಿಚ್ಚಿ ಕೂಸನ್ನು ಬರಿ ಎದೆಗೆ ಒತ್ತಿಕೊಂಡು ಮೇಲೆ ಸೀರೆ ಸುತ್ತಿ ಟ್ರಾಕ್ಟರ್ ಏರಿದರು. ವಿವೇಕಾನಂದ ಓಡಿಸಿದ. ಗಾಲಿ ಮುಳುಗುವ ನೀರಿನಲ್ಲಿ ಅತ್ತೆ ಒಂದು ಕೈಯಲ್ಲಿ ಕೂಸನ್ನೂ ಇನ್ನೊಂದರಲ್ಲಿ ನಿನ್ನನ್ನೂ ಹಿಡಿದಿದ್ದರು. ಕಲಬುರಗಿಯ ಆಸ್ಪತ್ರೆಯಲ್ಲಿ ಕೂಸು ತೀರಿಕೊಂಡ ಮೇಲೂ ಅವರು ಎದೆಯಿಂದ ತೆಗೆಯಲು ಕೊಡಲಿಲ್ಲ, ಬಿಡಿಸಿಕೊಳ್ಳಲು ನಿನ್ನ ಕೈಯಲ್ಲಿ ಶಕ್ತಿ ಇರಲಿಲ್ಲ ಎಂದು ನನ್ನ ಕಾಲ ಬಳಿ ಕುಳಿತು ಹೇಳಿದ್ದೆ. ಏಳು ವರ್ಷ ನಾನು ಆ ಮಾತನ್ನು ಹಿಡಿದುಕೊಂಡು ಬದುಕಿದ್ದೇನೆ.

ವಿಡಿಯೊ ಮುಗಿಯಿತು. ಅತ್ತೆ ನನ್ನನ್ನು ಕೇಳಿದರು. “ನಾ ಬಾಗಲಾ ಹಾಕಿದ್ನೇನ? ನನಗ ಯಾಕ ನೆನಪಿಲ್ಲ?”

ನಾಳೆ ಯುಗಾದಿ. ಈ ಮನೆಯಲ್ಲಿ ಯಾರೂ ಹಬ್ಬದ ಮಾತೆತ್ತಿಲ್ಲ.

ಫೋನು ಮಾಡಬೇಡ. ನಿನ್ನ ದನಿ ಕೇಳಲಾರೆ.

ನಾಗರತ್ನಾ


ಕಲಬುರಗಿ
2 ಏಪ್ರಿಲ್ 2025

ನಾಗೂ,

ನನ್ನನ್ನು ಕ್ಷಮಿಸು.

ಆ ಸಾಕ್ಷಿಯನ್ನು ಹಾಗೆ ಮಾಡಿದ್ದು ನಾನಲ್ಲ. ಪ್ರಾರ್ಥನೆಯಲ್ಲಿ ಅಳುತ್ತ ನಾನು ಸರ್ ಅವರಿಗೆ ಹೇಳಿದ್ದು ನಡೆದದ್ದನ್ನೇ. ಅವರು ಅದನ್ನು ತಿದ್ದಿ ಬರೆದು ಕೊಟ್ಟರು. ಹೊರದೇಶದವರಿಗೆ ಹಳ್ಳ, ಟ್ರಾಕ್ಟರ್ ಎಲ್ಲ ಅರ್ಥವಾಗುವುದಿಲ್ಲ, ಒಬ್ಬ ಮುಗ್ಧೆ, ಒಬ್ಬ ಕಠಿಣ ಹೆಂಗಸು ಇದ್ದರೆ ಬೇಗ ತಿಳಿಯುತ್ತದೆ ಎಂದರು. ಇದು ಸುಳ್ಳಲ್ಲ, ಇಂಥದ್ದು ಎಲ್ಲೋ ಒಂದು ಕಡೆ ನಡೆದೇ ಇರುತ್ತದೆ ಎಂದರು. ಫೋಟೊ ಹಾಕುತ್ತಾರೆಂದು ನನಗೆ ಗೊತ್ತಿರಲಿಲ್ಲ. ನಿಮ್ಮ ಯಾರ ಹೆಸರನ್ನೂ ನಾನು ಹೇಳಲಿಲ್ಲ, ನೋಡು.

ಇನ್ನೊಂದು ಮಾತು. ವಿವೇಕಾನಂದ ಪೊಲೀಸರಿಗೆ ದೂರು ಕೊಡುತ್ತಾನೆಂದು ಅವ್ವ ಫೋನಿನಲ್ಲಿ ಹೇಳಿದಳು. ಅವನ ಗೆಳೆಯರು ಚರ್ಚಿನ ಮುಂದೆ ಬೈಕು ನಿಲ್ಲಿಸಿಕೊಂಡು ಕೂಡುತ್ತಾರಂತೆ. ನಮ್ಮ ಸಭೆಯೆಂದರೆ ಎಷ್ಟು ಮನೆ ಎಂದು ನಿನಗೆ ಗೊತ್ತು. ಎಲ್ಲರೂ ಕೂಲಿ ಮಾಡುವವರು, ನಿಮ್ಮ ಹೊಲಗಳಲ್ಲೇ ಕೆಲಸ ಮಾಡುವವರು. ಅವರೇನು ತಪ್ಪು ಮಾಡಿದ್ದಾರೆ? ದೂರಿಗೆ ನಿನ್ನ ಸಹಿ ಬೇಕೇ ಬೇಕಂತೆ. ಕೂಸಿನ ತಾಯಿ ನೀನು. ನಾಗೂ, ಸಹಿ ಹಾಕಬೇಡ. ಕೇಸಾದರೆ ನನ್ನ ಪಾಸ್‌ಪೋರ್ಟನ್ನೂ ಹಿಡಿದಿಡುತ್ತಾರೆ. ಅವ್ವನ ಮುಖ ನೋಡಿಯಾದರೂ ಹಾಕಬೇಡ.

ಪ್ರಿಯಾ


ಕಮಲಾಪುರ
10 ಏಪ್ರಿಲ್ 2025

ಪ್ರಿಯದರ್ಶಿನಿಗೆ,

ನಿನ್ನ ಕಾಗದವನ್ನು ಎರಡು ಸಲ ಓದಿದೆ. ಅದರಲ್ಲಿ ನಿನ್ನ ಸರ್ ಇದ್ದಾರೆ, ಪೊಲೀಸರಿದ್ದಾರೆ, ಪಾಸ್‌ಪೋರ್ಟೂ ಇದೆ. ಅತ್ತೆ ಹೇಗಿದ್ದಾರೆ ಎಂಬ ಒಂದು ಮಾತಿಲ್ಲ.

ಬರೆದವರು ಯಾರಾದರೂ ಇರಲಿ. ಬಾಗಿಲು ಬಡಿದೆ ಎಂದು ಕೈಯೆತ್ತಿ ಬಡಿದು ತೋರಿಸಿದವಳು ನೀನು. ಕೂಸಿನ ಅಳು ನಿಂತಿತು ಎಂಬಲ್ಲಿ ನಿನ್ನ ದನಿ ಒಡೆಯಿತು. ಅದನ್ನೂ ಅವರು ಬರೆದುಕೊಟ್ಟಿದ್ದರೇ?

ನಾನು ಸಹಿ ಹಾಕಿಲ್ಲ, ಹಾಕುವುದೂ ಇಲ್ಲ. ವಿವೇಕಾನಂದ ಮೂರು ದಿನ ಜಗಳಾಡಿದ. “ನಾ ಟ್ರಾಕ್ಟರ್ ಹೊಡದಾವ ಇದ್ದೀನಿ. ನನ್ನ ಕಣ್ಣ ಮುಂದ ಆದದ್ದನ್ನ ಸುಳ್ಳು ಮಾಡ್ಯಾಳ. ನೀ ಆಕಿ ಕಡೆಯಾಕಿ ಏನು?” ಎಂದ. ನಾನು ಯಾರ ಕಡೆಯೂ ಅಲ್ಲ, ನನ್ನ ಕೂಸನ್ನು ಒಬ್ಬರು ಸಭೆಗೆ ಒಯ್ದರು, ನೀನು ಠಾಣೆಗೆ ಒಯ್ಯಬೇಡ ಎಂದೆ. ಅವನು ಅಲ್ಲಿಗೆ ಸುಮ್ಮನಾದ. ಗೆಳೆಯರನ್ನು ಚರ್ಚಿನ ಮುಂದಿನಿಂದ ಎಬ್ಬಿಸಿ ಕಳಿಸಿದ್ದಾನೆ. ನಿಮ್ಮವ್ವನ ಮನೆಗೆ ನಾನು ಈಗಲೂ ಹೋಗುತ್ತೇನೆ. ಯಮನಮ್ಮ ಅಳುತ್ತಾರೆ. ನಾನು ಗುಳಿಗೆ ಕೊಟ್ಟು ಬರುತ್ತೇನೆ.

ಅತ್ತೆಯ ಸುದ್ದಿ ನೀನು ಕೇಳದಿದ್ದರೂ ಹೇಳುತ್ತೇನೆ. ಹಿಂದಿನ ಓಣಿಯ ಹಲೀಮಾಳ ಮಗಳು ಹೆರಿಗೆಗೆ ಬಂದಿದ್ದಾಳೆ. ಕೂಸು ಹುಟ್ಟಿದ ದಿನವೇ ಅತ್ತೆಗೆ ಹೇಳಿ ಕಳಿಸಿದ್ದರು. ಎಣ್ಣೆ ಕಾಯಿಸಿಕೊಂಡು ಹೋದವರು ಹಾಗೇ ತಿರುಗಿ ಬಂದರು. ಹುಡುಗಿಯ ಗಂಡನ ಮನೆಯವರು ಆ ವಿಡಿಯೊ ನೋಡಿದ್ದರಂತೆ. ಹಲೀಮಾ ಬಾಗಿಲಲ್ಲೇ ನಿಂತು, ತಲೆ ಎತ್ತದೆ, “ಇವತ್ತ ಬ್ಯಾಡ್ರಿ ಆಯಿ,” ಎಂದಳಂತೆ. ನಾನು ಆ ಎಣ್ಣೆಯ ಬಟ್ಟಲನ್ನು ಅತ್ತೆಯ ಕೈಯಿಂದ ತೆಗೆದುಕೊಂಡು ಒಳಗಿಟ್ಟೆ.

ಅಂದಿನಿಂದ ಅವರು ಹೊರಗೆ ಹೋಗಿಲ್ಲ.

ನಾಗರತ್ನಾ


ಕಲಬುರಗಿ
21 ಏಪ್ರಿಲ್ 2025

ನಾಗೂ,

ನಿನ್ನ ಕಾಗದ ಬಂದಾಗಿನಿಂದ ಪ್ರಾರ್ಥಿಸಲು ಕುಳಿತರೆ ಹಲೀಮಾಳ ಬಾಗಿಲು ಕಾಣುತ್ತಿತ್ತು. ನಿನ್ನೆ ಈಸ್ಟರ್ ಆರಾಧನೆ. ನಮ್ಮನ್ನು ಕಳಿಸಿಕೊಡುವ ಪ್ರಾರ್ಥನೆಯೂ ಅಂದೇ ಇತ್ತು. ನನ್ನ ಸರದಿ ಬಂದಾಗ ಮೈಕಿನ ಮುಂದೆ ನಿಂತು, ಹೋದ ತಿಂಗಳು ಇಲ್ಲಿ ನಾನು ಹೇಳಿದ್ದು ಸುಳ್ಳು ಎಂದೆ.

ಸರ್ ಮುಂದೆ ಬಂದು, ಸಹೋದರಿ ದಣಿದಿದ್ದಾಳೆ ಎಂದು ಮೈಕಿಗೆ ಕೈಹಾಕಿದರು. ನಾನು ಕೊಡಲಿಲ್ಲ. ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಮಳೆ, ಹಳ್ಳ, ಟ್ರಾಕ್ಟರ್, ಆಯಿಯ ಎದೆಯ ಕಾವು, ಎಲ್ಲವನ್ನೂ. ಯಾರಿಗೂ ಅನುಮಾನ ಉಳಿಯಬಾರದೆಂದು ಈ ಸಲ ಹೆಸರು ಹಿಡಿದೇ ಹೇಳಿದೆ. ಅಂಬಮ್ಮ, ಸೂಗಪ್ಪ, ನಾಗರತ್ನಾ ಎಂದು. ನೀನು ಎಂಥ ತಾಯಿ ಎಂಬುದೂ ಅವರಿಗೆ ಗೊತ್ತಾಗಲಿ ಎಂದು, ಕೂಸು ಹೋದ ಮೇಲೂ ನಿಲ್ಲದ ಹಾಲನ್ನು ನೀನು ಮಂದಿ ಇಲ್ಲದಾಗ ತೋಟಕ್ಕೆ ಹೋಗಿ ಬಾಳೆಯ ಬುಡಕ್ಕೆ ಹಿಂಡಿ ಬರುತ್ತಿದ್ದುದನ್ನೂ ಹೇಳಿದೆ. ದೇವಾನಂದ ಎಲ್ಲವನ್ನೂ ಫೋನಿನಲ್ಲಿ ಹಿಡಿದ. ಹಳೆಯದು ಎಲ್ಲೆಲ್ಲಿ ಹೋಗಿತ್ತೋ ಅಲ್ಲಿಗೆಲ್ಲ ಇದನ್ನು ಕಳಿಸಿದ್ದೇವೆ. ಕಮಲಾಪುರಕ್ಕೂ ಬಂದಿರಬೇಕು.

ಸಂಜೆ ಸರ್ ಕರೆದು ನನ್ನ ಹೆಸರು ತೆಗೆದಿದ್ದೇವೆ ಎಂದರು. ಬೀದರಿನವಳು ಹೋಗುತ್ತಾಳೆ. ನಾನು ವಾದ ಮಾಡಲಿಲ್ಲ. ಒಂದನ್ನು ಮಾತ್ರ ಕೇಳಿದೆ, ನೀವು ತಿದ್ದುವಾಗ ನಿಮಗೆ ಹೇಗೆ ಮನಸ್ಸು ಬಂತು ಎಂದು. ಅವರು, “ನೀ ಬ್ಯಾಡ ಅಂದಿದ್ರ ನಾ ಬಿಡ್ತಿದ್ದೆ. ನೀ ಏನೂ ಅನ್ನಲಿಲ್ಲ,” ಎಂದರು. ಅದು ನಿಜ ನಾಗೂ. ನಾನು ಏನೂ ಅನ್ನಲಿಲ್ಲ. ಮಲಾವಿ ಕೈ ತಪ್ಪುತ್ತದೆಂಬ ಹೆದರಿಕೆಯಲ್ಲಿ ಅವರು ಬರೆದದ್ದನ್ನು ಕನ್ನಡಿಯ ಮುಂದೆ ನಿಂತು ಬಾಯಿಪಾಠ ಮಾಡಿದೆ.

ಈಗ ಮಲಾವಿಯೂ ಇಲ್ಲ. ಆದರೂ ಮನಸ್ಸು ಹಗುರವಾಗಿದೆ. ಇನ್ನಾದರೂ ಒಂದು ಸಲ ಫೋನು ಎತ್ತು. ಆಯಿಯ ಕಾಲಿಗೆ ಬೀಳಬೇಕು, ಬರಲೇ?

ಪ್ರಿಯಾ


ಕಲಬುರಗಿ
3 ಮೇ 2025

ನಾಗೂ,

ಉತ್ತರ ಬರಲಿಲ್ಲ. ತಂಡದವರು ನಿನ್ನೆ ಹೊರಟರು. ನಾನು ಮೊದಲು ಕೆಲಸದಲ್ಲಿದ್ದ ಆಸ್ಪತ್ರೆಗೇ ಮತ್ತೆ ಸೇರಿದ್ದೇನೆ.

ಹೋದ ಗುರುವಾರ ತಡೆಯಲಾರದೆ ಕಮಲಾಪುರಕ್ಕೆ ಬಂದಿದ್ದೆ. ನೀನು ತೋಟದಲ್ಲಿದ್ದೀ ಎಂದರು. ಆಯಿ ನನ್ನನ್ನು ಒಳಗೆ ಕರೆದರು, ಚಹಾ ಕೊಟ್ಟರು. ಕಾಲಿಗೆ ಬಿದ್ದಾಗ ತಲೆಯ ಮೇಲೆ ಕೈಯಿಟ್ಟರು. ನೀನು ಬರುತ್ತೀ ಎಂದು ಕೊನೆಯ ಬಸ್ಸಿನವರೆಗೆ ಕಾದೆ.

ಆಯಿ ಕ್ಷಮಿಸಿದ್ದಾರೆ. ನೀನು ಯಾಕೆ ಸುಮ್ಮನಿದ್ದೀ?

ಪ್ರಿಯಾ


ಕಮಲಾಪುರ
8 ಮೇ 2025

ಪ್ರಿಯದರ್ಶಿನಿಗೆ,

ನೀನು ಬಂದದ್ದು ಗೊತ್ತಿತ್ತು. ತೋಟದಲ್ಲಿ ಬೇಕೆಂದೇ ಕುಳಿತಿದ್ದೆ.

ನಿನ್ನ ಎರಡನೆಯ ವಿಡಿಯೊದಿಂದ ಅತ್ತೆಗೆ ಒಳ್ಳೆಯದಾಯಿತು, ಅದನ್ನು ಇಲ್ಲ ಎನ್ನುವುದಿಲ್ಲ. ಹಲೀಮಾ ತಾನೇ ಮನೆಗೆ ಬಂದು, ಕೈ ಹಿಡಿದು ಕರೆದುಕೊಂಡು ಹೋದಳು. ಅತ್ತೆ ಈಗ ದಿನಾ ಹೋಗಿ ಆ ಕೂಸಿಗೆ ಎರೆದು ಬರುತ್ತಾರೆ. ಅವರು ನಿನ್ನನ್ನು ಕ್ಷಮಿಸಿದ್ದಾರೆ. ಅದು ಅವರ ಮತ್ತು ನಿನ್ನ ನಡುವಿನ ಮಾತು. ಅವರಿಗೆ ನೀನು ಮಾಡಿದ್ದು ಸುಳ್ಳಿನ ಅನ್ಯಾಯ, ಅದನ್ನು ನಿಜ ಹೇಳಿ ಸರಿಮಾಡಿದೆ.

ನನಗೆ ಮಾಡಿದ್ದು ಬೇರೆ.

ಆ ಹಾಲಿನ ಮಾತು ಲೋಕದಲ್ಲಿ ಇಬ್ಬರಿಗೆ ಗೊತ್ತಿತ್ತು. ಅತ್ತೆಗೆ ಹೇಳಿರಲಿಲ್ಲ. ನನ್ನ ಗಂಡನಿಗೆ ಹೇಳಿರಲಿಲ್ಲ, ಅವರು ಆಗ ಊಟ ಬಿಟ್ಟು ಕುಳಿತಿದ್ದರು, ಅವರ ಮೇಲೆ ಇದನ್ನೂ ಹೊರಿಸುವುದು ಬೇಡವೆನಿಸಿತು. ಒಬ್ಬರಿಗಾದರೂ ಹೇಳದಿದ್ದರೆ ಹುಚ್ಚು ಹಿಡಿಯುತ್ತದೆಂದು ನಿನಗೆ ಹೇಳಿದೆ. ಅದನ್ನು ನೀನು ಮೈಕಿನಲ್ಲಿ ಹೇಳಿದೆ. ನನ್ನ ಹೆಸರು ಹಿಡಿದು. ನನ್ನನ್ನು ದೊಡ್ಡವಳನ್ನಾಗಿ ಮಾಡಲು.

ಸೂಗಪ್ಪ ಅದನ್ನು ಕಟ್ಟೆಯ ಮೇಲೆ, ನಾಲ್ಕು ಜನರ ನಡುವೆ, ಮತ್ತೊಬ್ಬರ ಫೋನಿನಲ್ಲಿ ಕೇಳಿದರು. ಮರುದಿನ ತೋಟದಲ್ಲಿ ನೀರು ಬಿಡುತ್ತಿದ್ದವರು ಸನಿಕೆ ಊರಿ ನಿಂತು ಕೇಳಿದರು. “ಯಾವ ಗಿಡ ಅದು, ನಾಗರತ್ನಾ?”

ಬಾಳೆ ಒಮ್ಮೆ ಗೊನೆ ಬಿಟ್ಟರೆ ಕಡಿಯುತ್ತೇವೆ. ಆ ಗಿಡ ಹೋಗಿ ಎಷ್ಟೋ ವರ್ಷವಾಯಿತು. ತೋರಿಸಲು ನನ್ನಲ್ಲಿ ಏನೂ ಇರಲಿಲ್ಲ. ಅವರಿಗೆ ಸಿಟ್ಟು ಬಂದಿದ್ದರೆ ತಡೆದುಕೊಳ್ಳುತ್ತಿದ್ದೆ. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು ತನಗೆ ಹೇಳದ್ದನ್ನು ಹೆಂಡತಿ ಇನ್ನೊಬ್ಬಳಿಗೆ ಹೇಳಿದಳು ಎಂದು ಅವರು ಮುಖ ತಗ್ಗಿಸಿದರು. ಈಗ ತೋಟಕ್ಕೆ ಬರುವ ಹೆಂಗಸರು ನನ್ನನ್ನು ಕರುಣೆಯಿಂದ ನೋಡುತ್ತಾರೆ. ಒಬ್ಬಳು ಬಾಳೆಯ ಬುಡವನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಅವಳನ್ನು ಬೈದು ಓಡಿಸಿದೆ.

ಮೊದಲ ಸಲ ನನ್ನ ದುಃಖವನ್ನು ತಿರುಚಿ ಹೇಳಿದೆ, ಎರಡನೆಯ ಸಲ ಹಾಗೇ ಹೇಳಿದೆ. ಎರಡು ಸಲವೂ ನನ್ನನ್ನು ಕೇಳಲಿಲ್ಲ. ನಿನಗೆ ಮನಸ್ಸು ಹಗುರವಾಯಿತು ಎಂದು ಬರೆದಿದ್ದೀ. ನನ್ನ ಹತ್ತಿರ ಇದ್ದದ್ದನ್ನು ಕೊಟ್ಟು ಹಗುರ ಮಾಡಿಕೊಂಡೆ.

ಒಂದು ವಿಷಯ ಬೇರೆಯವರಿಂದ ನಿನಗೆ ತಿಳಿಯುವ ಮೊದಲು ನಾನೇ ಬರೆಯುತ್ತಿದ್ದೇನೆ. ನನಗೀಗ ನಾಲ್ಕನೆಯ ತಿಂಗಳು. ಕಲಬುರಗಿಯ ಡಾಕ್ಟರು ಎಲ್ಲ ಸರಿಯಾಗಿದೆ ಎಂದಿದ್ದಾರೆ. ನೀನು ನರ್ಸು, ತಿಳಿದ ಕೂಡಲೇ ರಜೆ ಹಾಕಿ ಓಡಿ ಬರುತ್ತೀ ಎಂದು ಗೊತ್ತು. ನಿನ್ನ ಕೈಗುಣ ಒಳ್ಳೆಯದು, ಅದೂ ಗೊತ್ತು. ಆದರೂ ಬರಬೇಡ. ನಾನು ನೋವು ತಿನ್ನುವಾಗ ಕೂಗುತ್ತೇನೋ, ಬೇಡಿಕೊಳ್ಳುತ್ತೇನೋ, ಯಾವ ದೇವರನ್ನು ಕರೆಯುತ್ತೇನೋ ತಿಳಿಯದು. ಅದನ್ನು ನೋಡುವವಳು ನೋಡಿ ಸುಮ್ಮನಿರುವವಳಾಗಿರಬೇಕು.

ನಾಗರತ್ನಾ